ಭಯದ ಆಟಕ್ಕೆ ಇತಿಹಾಸದ ಆಸರೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತಿದ್ದಾರೆ. ಮುಂದೆ ಕಾಗದ, ಪೆನ್ಸಿಲು, ಬಗೆಬಗೆಯ ದಾಳಗಳು. ಒಬ್ಬ ಪತ್ರಕರ್ತ, ಒಬ್ಬಾಕೆ ಪ್ರಾಧ್ಯಾಪಕಿ, ಮತ್ತೊಬ್ಬ ಕೆಲಸ ಕಳೆದುಕೊಂಡ ಪತ್ತೇದಾರ. ಎಲ್ಲವೂ ಅವರವರು ವಹಿಸಿಕೊಂಡ ಪಾತ್ರಗಳು. ಕಥೆ ನಡೆಸುವವನು ಹೇಳುತ್ತಾನೆ: ನೆಲಮಾಳಿಗೆಯ ಬಾಗಿಲು ತೆರೆದಿದೆ, ಒಳಗೆ ಏನೋ ಉಸಿರಾಡುತ್ತಿದೆ. ಪತ್ರಕರ್ತನ ಪಾತ್ರಧಾರಿ ಒಳಗೆ ಇಣುಕಿ ದಾಳ ಉರುಳಿಸುತ್ತಾನೆ. ದಾಳ ಕೈಕೊಟ್ಟರೆ ಆ ಪತ್ರಕರ್ತ ಸಾಯುವುದಿಲ್ಲ. ಅವನ ಬುದ್ಧಿಯ ಹಿಡಿತ ಒಂದಿಷ್ಟು ಸಡಿಲವಾಗುತ್ತದೆ, ಅಷ್ಟೆ.

ಇದು ‘ಕಾಲ್ ಆಫ್ ಕ್ಥುಲು’. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಕೇಯಾಸಿಯಂ ಎಂಬ ಸಣ್ಣ ಸಂಸ್ಥೆ 1981ರಲ್ಲಿ ಹೊರತಂದ ಆಟ. ರಚಿಸಿದವರು ಸ್ಯಾಂಡಿ ಪೀಟರ್ಸನ್. ಅದಕ್ಕೂ ಏಳು ವರ್ಷ ಮೊದಲು, 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂಲಕ ಪಾತ್ರ ವಹಿಸಿ ಆಡುವ ಈ ಬಗೆಯ ಆಟಕ್ಕೆ ನಾಂದಿ ಹಾಡಿದ್ದರು. ಅಲ್ಲಿ ಆಟಗಾರ ವೀರ. ರಾಕ್ಷಸರನ್ನು ಕೊಂದು, ನಿಧಿ ಗೆದ್ದು, ದಿನೇ ದಿನೇ ಬಲಿಷ್ಠನಾಗುತ್ತಾನೆ. ಹೀಗೆ ಬಲಿಯುತ್ತಲೇ ಹೋಗುವವನನ್ನು ಹೆದರಿಸುವುದು ಹೇಗೆ? ಭಯಾನಕ ಕಥೆಯನ್ನು ಆಟವಾಗಿಸಲು ಹೊರಟವರ ಮುಂದಿದ್ದ ತೊಡಕು ಇದೇ.

ತಿಳಿದಷ್ಟೂ ಅಪಾಯ

ಪೀಟರ್ಸನ್ ಕಂಡುಕೊಂಡ ಉತ್ತರ ‘ಸ್ಯಾನಿಟಿ’, ಅಂದರೆ ಚಿತ್ತಸ್ವಾಸ್ಥ್ಯದ ಅಂಕ. ಇನ್ನೊಂದು ಆಟದ ಪತ್ರಿಕೆಯಲ್ಲಿ ಬಂದಿದ್ದ ಲೇಖನ ಈ ಕಲ್ಪನೆಗೆ ಪ್ರೇರಣೆಯಾಯಿತು. ಮೊದಲ ನಿಯಮಗಳ ಪ್ರಕಾರ ಮೂರು ದಾಳ ಉರುಳಿಸಿ ಪಾತ್ರದ ಮನೋಬಲವನ್ನು ಗೊತ್ತುಮಾಡಬೇಕು. ಅದರ ಐದು ಪಟ್ಟು ಆ ಪಾತ್ರದ ಆರಂಭದ ಅಂಕ. ಘೋರವಾದುದನ್ನು ಕಂಡಾಗಲೆಲ್ಲ ಅಂಕ ಇಳಿಯುತ್ತದೆ. ಒಂದೇ ಏಟಿಗೆ ಐದು ಅಥವಾ ಹೆಚ್ಚು ಅಂಕ ಹೋದರೆ ಬುದ್ಧಿಶಕ್ತಿಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಗೆದ್ದರೆ ಕಂಡದ್ದರ ಅರ್ಥ ಹೊಳೆಯಿತೆಂದು ಲೆಕ್ಕ, ತಾತ್ಕಾಲಿಕವಾಗಿ ಹುಚ್ಚು ಹಿಡಿಯುತ್ತದೆ. ಸೋತವನು ಅರ್ಥವಾಗದ ಕಾರಣಕ್ಕೇ ಬಚಾವು. ನಿಗೂಢ ಗ್ರಂಥಗಳನ್ನು ಓದಿ ಗಳಿಸಿದ ಜ್ಞಾನವನ್ನು 99ರಿಂದ ಕಳೆದರೆ ಉಳಿಯುವುದೇ ಅವನ ಸ್ವಾಸ್ಥ್ಯದ ಗರಿಷ್ಠ ಮಿತಿ. ತಿಳಿದಷ್ಟೂ ಅಪಾಯ ಹೆಚ್ಚು.

ಈ ಭಯದ ಮೂಲ ಪುರುಷ ಎಚ್. ಪಿ. ಲವ್‌ಕ್ರಾಫ್ಟ್. 1890ರಲ್ಲಿ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ಹುಟ್ಟಿ, 1937ರಲ್ಲಿ ಅಲ್ಲಿಯೇ ಬಡತನದಲ್ಲಿ ತೀರಿಕೊಂಡ ಕಥೆಗಾರ. ಕ್ಥುಲು ಎಂಬುದು ಮನುಷ್ಯರ ನಾಲಿಗೆಗೆ ಹೊರಳಬಾರದೆಂದೇ ಅವನು ಹೆಣೆದ ಹೆಸರು. ಮನುಷ್ಯ ಹುಟ್ಟುವ ಮೊದಲೇ ಭೂಮಿಗೆ ಬಂದ ದೈತ್ಯ ಜೀವಿಗಳಿಗೆ ನಮ್ಮ ಇರವಿನ ಪರಿವೆಯೇ ಇಲ್ಲ ಎಂಬುದು ಅವನ ಕಥೆಗಳ ತಿರುಳು.

ಪೆಟ್ಟಿಗೆಯಲ್ಲಿ ಒಂದು ದಶಕ

1981ರ ಪೆಟ್ಟಿಗೆಯಲ್ಲಿ ನಿಯಮಗಳ ಪುಸ್ತಕದ ಜೊತೆಗೆ ಇನ್ನೊಂದು ತೆಳು ಪುಸ್ತಕವೂ ಇತ್ತು: 1920ರ ದಶಕದ ಆಕರ ಪುಸ್ತಕ. ಅದರಲ್ಲಿದ್ದದ್ದು ಭೂತಪ್ರೇತಗಳಲ್ಲ, ಆ ದಶಕದ ಜನಜೀವನದ ವಿವರಗಳು. ಈ ಆಟದ ಆಕರ ಪುಸ್ತಕಗಳ ದಾರಿ ಅಲ್ಲಿಗೇ ಗೊತ್ತಾಯಿತು.

ಇದಕ್ಕೆ ಕಾರಣವಿದೆ. ಕಾದಂಬರಿಯ ಓದುಗ ಲೇಖಕ ತೋರಿಸಿದ್ದನ್ನು ಮಾತ್ರ ನೋಡುತ್ತಾನೆ. ಆಟಗಾರ ಹಾಗಲ್ಲ, ಎದ್ದು ಎಲ್ಲಿಗೆ ಬೇಕಾದರೂ ಹೋಗುತ್ತಾನೆ. ‘ಆ ಮನೆಯಲ್ಲಿ ಟೆಲಿಫೋನ್ ಇದೆಯೇ? ಲಂಡನ್ನಿಗೆ ಹೋಗಲು ಎಷ್ಟು ದಿನ? ಹಳೆಯ ಪತ್ರಿಕೆಗಳು ಎಲ್ಲಿ ಸಿಗುತ್ತವೆ?’ ಎಂದು ಕೇಳುತ್ತಾನೆ. ಕಥೆ ನಡೆಸುವವನು ತಡವರಿಸಿದರೆ ಕಟ್ಟಿದ ಭಯ ಅಲ್ಲೇ ಕುಸಿಯುತ್ತದೆ. ಆ ಕಾಲದ ವೇಗದ ಹಡಗಿಗೂ ನ್ಯೂಯಾರ್ಕ್‌ನಿಂದ ಇಂಗ್ಲೆಂಡಿಗೆ ಐದಾರು ದಿನ ಬೇಕಿತ್ತು ಎಂದು ಗೊತ್ತಿದ್ದರೆ, ಅಷ್ಟರಲ್ಲಿ ಶತ್ರು ಏನೇನು ಮಾಡಬಹುದೆಂಬ ಆತಂಕ ತಾನಾಗಿ ಹುಟ್ಟುತ್ತದೆ.

1984ರಲ್ಲಿ ಬಂದ ‘ಮಾಸ್ಕ್ಸ್ ಆಫ್ ನ್ಯಾರ್ಲಥೋಟೆಪ್’ ಇದಕ್ಕೆ ಒಳ್ಳೆಯ ನಿದರ್ಶನ. ಲ್ಯಾರಿ ಡಿಟಿಲಿಯೊ ಮತ್ತು ಲಿನ್ ವಿಲ್ಲಿಸ್ ಬರೆದ ಈ ದೀರ್ಘ ಕಥಾನಕ ಆಟಗಾರರನ್ನು ನ್ಯೂಯಾರ್ಕ್, ಲಂಡನ್, ಕೈರೊ, ಕೀನ್ಯಾ, ಶಾಂಘೈಗಳಿಗೆ ಅಲೆಸುತ್ತದೆ. ಜಾಗ ಸಾಲದೆ ಕೈಬಿಟ್ಟಿದ್ದ ಆಸ್ಟ್ರೇಲಿಯದ ಅಧ್ಯಾಯ 1987ರಲ್ಲಿ ಆ ದೇಶದ ಕುರಿತ ಬೇರೆಯೇ ಆಕರ ಪುಸ್ತಕದಲ್ಲಿ ಬಂತು. ಪತ್ರಗಳು, ಪತ್ರಿಕಾ ತುಣುಕುಗಳು, ಕತ್ತರಿಸಿ ಮಡಿಸಬಹುದಾದ ಒಂದು ಬೆಂಕಿಪೊಟ್ಟಣ ಕೂಡ ಆಟಗಾರರ ಕೈಗೆ ಸಿಗುತ್ತಿದ್ದವು. 1986ರ ‘ಕ್ಥುಲು ಬೈ ಗ್ಯಾಸ್‌ಲೈಟ್’ 1890ರ ದಶಕದ ಇಂಗ್ಲೆಂಡಿನದು, ಮರುವರ್ಷದ ‘ಕ್ಥುಲು ನೌ’ ಸಮಕಾಲೀನ ಜಗತ್ತಿನದು. ಒಂದು ಸುಳ್ಳನ್ನು ನಂಬಿಸಲು ನೂರು ನಿಜಗಳು ಬೇಕು ಎಂಬುದು ಈ ಪುಸ್ತಕಗಳ ಲೇಖಕರಿಗೆ ಗೊತ್ತಿತ್ತು.

ಯಾರ ಭಯ?

ಆದರೆ ನಿಜವನ್ನು ಹುಡುಕುತ್ತ ಹೋದಂತೆ ಅಹಿತಕರವಾದ ಪ್ರಶ್ನೆಯೊಂದು ಎದುರಾಗದೆ ಇರಲಿಲ್ಲ. ಲವ್‌ಕ್ರಾಫ್ಟ್ ಯಾರಿಗೆ ಹೆದರಿದ್ದ?

1924ರಿಂದ 1926ರವರೆಗೆ ಅವನು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ. ಹೊರದೇಶಗಳಿಂದ ಬಂದ ಜನರ ಗುಂಪುಗಳನ್ನು ಕಂಡರೆ ಅವನಿಗೆ ತೀವ್ರ ಅಸಹ್ಯ. 1925ರಲ್ಲಿ ಬರೆದ ‘ದಿ ಹಾರರ್ ಅಟ್ ರೆಡ್ ಹುಕ್’ ಕಥೆಯಲ್ಲಿ ಆ ಬಡಾವಣೆಯ ವಲಸಿಗರೇ ದುಷ್ಟಶಕ್ತಿಯ ಆರಾಧಕರು. ಪ್ರಾವಿಡೆನ್ಸ್‌ಗೆ ಮರಳಿ 1926ರಲ್ಲಿ ಬರೆದ ಕ್ಥುಲು ಕಥೆಯಲ್ಲೂ ಆ ದೈತ್ಯನನ್ನು ಪೂಜಿಸುವವರು ಮಿಶ್ರವರ್ಣದ ಬಡಜನ. ಅವನ ಪತ್ರಗಳಲ್ಲಿ ಜನಾಂಗದ್ವೇಷ ಇನ್ನೂ ಬಿಚ್ಚಾಗಿದೆ. ಕಥೆಗಳನ್ನು ಎರವಲು ಪಡೆದ ಆಟ ಈ ಪೂರ್ವಗ್ರಹವನ್ನೂ ಬಳುವಳಿಯಾಗಿ ಪಡೆದಿತ್ತು.

ಲವ್‌ಕ್ರಾಫ್ಟ್ ಹಾಗೆ ಬರೆಯುತ್ತಿದ್ದ ದಿನಗಳಲ್ಲೇ ಅದೇ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಕಪ್ಪುಜನರ ದೊಡ್ಡ ಸಾಂಸ್ಕೃತಿಕ ಜಾಗೃತಿ ನಡೆದಿತ್ತು. ಲ್ಯಾಂಗ್ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್ ಬರೆಯುತ್ತಿದ್ದರು. 1927ರ ಕೊನೆಯಲ್ಲಿ ಡ್ಯೂಕ್ ಎಲಿಂಗ್ಟನ್‌ನ ವಾದ್ಯವೃಂದ ಕಾಟನ್ ಕ್ಲಬ್ಬಿಗೆ ಬಂತು. ನುಡಿಸುವವರು ಕಪ್ಪುಜನ, ಕೂತು ಕೇಳುವ ಹಕ್ಕು ಬಿಳಿಯರಿಗೆ ಮಾತ್ರ.

ಈ ಹಾರ್ಲೆಮ್ ಸ್ವಂತದ್ದೊಂದು ಆಕರ ಪುಸ್ತಕ ಪಡೆದದ್ದು 2017ರಲ್ಲಿ, ಕ್ರಿಸ್ ಸ್ಪೈವಿ ಅವರ ‘ಹಾರ್ಲೆಮ್ ಅನ್‌ಬೌಂಡ್’ ಮೂಲಕ. ಇಲ್ಲಿ ತನಿಖೆ ನಡೆಸುವವರು ಕಪ್ಪುಜನರೇ. ಪುಸ್ತಕದಲ್ಲಿ ಆ ಕಾಲದ ಬೀದಿ, ಕವಿ, ಸಂಗೀತಗಾರರ ವಿವರಗಳಿವೆ. ಜೊತೆಗೆ, ಆಟದೊಳಗಿನ ವ್ಯವಹಾರಗಳಲ್ಲಿ ವರ್ಣಭೇದ ಎಷ್ಟು ಅಡ್ಡ ಬರುತ್ತದೆಂಬುದನ್ನು ದಾಳದ ಲೆಕ್ಕಕ್ಕೇ ಸೇರಿಸಲಾಗಿದೆ. ಪತ್ರಿಕಾಲಯದ ಹಳೆಯ ಕಡತ ನೋಡಲು ಬಿಳಿಯ ಪಾತ್ರಕ್ಕೆ ಒಂದು ನಗು ಸಾಕು, ಕಪ್ಪು ಪಾತ್ರಕ್ಕೆ ಅದೇ ದೊಡ್ಡ ಗಂಡಾಂತರವಾಗಬಹುದು. ಇದರ ಎರಡನೆಯ ಆವೃತ್ತಿಯನ್ನು 2020ರಲ್ಲಿ ಕೇಯಾಸಿಯಂ ಸಂಸ್ಥೆಯೇ ಪ್ರಕಟಿಸಿತು.

ಇದಕ್ಕೂ ಮೊದಲೇ, 2015ರಲ್ಲಿ, ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ನೀಡುವವರು ಲವ್‌ಕ್ರಾಫ್ಟ್‌ನ ಮುಖವುಳ್ಳ ಪ್ರತಿಮೆಯನ್ನು ಕೈಬಿಡಲು ನಿರ್ಧರಿಸಿದ್ದರು. ಆಟದವರಿಗೆ ಅಷ್ಟು ಸುಲಭದ ದಾರಿ ಇರಲಿಲ್ಲ. ಅವನ ಕಲ್ಪನೆಯನ್ನು ಬಿಟ್ಟರೆ ಆಟವೇ ಇಲ್ಲ. ಅವರು ಕಲ್ಪನೆಯನ್ನು ಉಳಿಸಿಕೊಂಡು, ಅದರ ಪಕ್ಕದಲ್ಲಿ ಅವನು ನೋಡಲೊಲ್ಲದ ಇತಿಹಾಸವನ್ನು ಇಟ್ಟರು.

ನೆಲಮಾಳಿಗೆಯ ಬಾಗಿಲು ಈಗಲೂ ತೆರೆದೇ ಇದೆ, ಒಳಗಿನ ಉಸಿರೂ ಅದೇ. ಆದರೆ ದೀಪ ಹಿಡಿದು ಮೆಟ್ಟಿಲಿಳಿಯುವ ಪತ್ರಕರ್ತ ಈಗ ಹಾರ್ಲೆಮ್‌ನವನೂ ಇರಬಹುದು. ಕೆಳಗಿರುವ ಭೂತಕ್ಕಿಂತ ಮೇಲೆ ಬೀದಿಯಲ್ಲಿ ನಿಂತ ಪೊಲೀಸನೇ ಅವನಿಗೆ ಹೆಚ್ಚಿನ ಭಯವಾಗಿರಲೂಬಹುದು.