ಅರವತ್ತಮೂರು ದಿನಗಳ ಲೆಕ್ಕ

ಹೆಣ್ಣುನಾಯಿ ಸಾಕಿದ ಮನೆಯಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆಯೊಂದುಂಟು: "ಇದು ಗಬ್ಬವಾಗಿದೆಯೇ?" ಪ್ರಶ್ನೆ ಎದ್ದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಹೊಟ್ಟೆ ದಪ್ಪಗಾಗಿದೆ ಎಂದು ಒಂದು ಪಕ್ಷ. ಚೆನ್ನಾಗಿ ತಿಂದಿದೆ, ಅಷ್ಟೇ ಎಂದು ಇನ್ನೊಂದು. ಡಾಕ್ಟರಿಗೆ ತೋರಿಸೋಣವೆಂದು ಒಬ್ಬರು. ಬೀದಿಯ ನಾಯಿಗಳೆಲ್ಲ ಯಾವ ಡಾಕ್ಟರನ್ನು ಕೇಳಿ ಮರಿಹಾಕುತ್ತವೆ ಎಂದು ಮತ್ತೊಬ್ಬರು. ಈ ಚರ್ಚೆ ನಿನ್ನೆ ಮೊನ್ನೆಯದಲ್ಲ; ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನಿಂದ ನಡೆದುಬಂದದ್ದು. ಅದರ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡರೆ ಮನೆಯ ಚರ್ಚೆಯನ್ನು ಮುಗಿಸುವುದು ಸುಲಭವಾದೀತು ಎಂಬ ನಂಬಿಕೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾಯಿಯ ಗರ್ಭದ ವಿಷಯದಲ್ಲಿ ಮೊದಲು ಗಮನವಿಟ್ಟವರು ಬೇಟೆಗಾರರು. ಕ್ರಿ. ಪೂ. ನಾಲ್ಕನೆಯ ಶತಮಾನದ ಗ್ರೀಸಿನಲ್ಲಿ ಬದುಕಿದ್ದ ಕ್ಸೆನೊಫನ್ನನ ಹೆಸರಿನಲ್ಲಿ ಬೇಟೆಯನ್ನು ಕುರಿತ ಒಂದು ಪುಸ್ತಕ ಉಳಿದುಬಂದಿದೆ. ನಾಯಿ 60 ದಿನ ಗರ್ಭವನ್ನು ಹೊರುತ್ತದೆ ಎಂದು ಅದರಲ್ಲಿ ಹೇಳಿದೆ. ಗಬ್ಬದ ನಾಯಿಯನ್ನು ಮೇಲಿಂದ ಮೇಲೆ ಬೇಟೆಗೆ ಕರೆದೊಯ್ಯಬಾರದು, ಏಕೆಂದರೆ ಅದು ಕೆಲಸದ ಹುರುಪಿನಲ್ಲಿ ತನಗೇ ಕೇಡು ಮಾಡಿಕೊಂಡೀತು ಎಂದೂ ಎಚ್ಚರಿಸಿದೆ. ಹುಟ್ಟಿದ ಮರಿಗಳನ್ನು ಬೇರೆ ನಾಯಿಯ ಬಳಿ ಬಿಡದೆ ತಾಯಿಯ ಬಳಿಯಲ್ಲೇ ಬಿಡಬೇಕು ಎಂಬ ಮಾತೂ ಇದೆ. ನಾಯಿಯನ್ನು ಹತ್ತಿರದಿಂದ ಕಂಡವನಲ್ಲದೆ ಬೇರೆ ಯಾರೂ ಹೀಗೆ ಬರೆಯಲಾರರು.

ಅದೇ ಶತಮಾನದ ಅರಿಸ್ಟಾಟಲ್ ಇನ್ನೂ ಮುಂದೆ ಹೋಗಿ ಲೆಕ್ಕ ಇಟ್ಟ. ಲಕೋನಿಯಾದ ಬೇಟೆನಾಯಿ ವರ್ಷದ ಆರನೆಯ ಒಂದು ಭಾಗ, ಎಂದರೆ 60 ದಿನ, ಹೆಚ್ಚೆಂದರೆ ಅದರ ಮೇಲೆ ಎರಡು ಮೂರು ದಿನ ಗರ್ಭ ಹೊರುತ್ತದೆ. ಬೇರೆ ಕೆಲವು ಜಾತಿಗಳು ವರ್ಷದ ಐದನೆಯ ಒಂದು ಭಾಗ, ಎಂದರೆ 72 ದಿನ. ಇನ್ನು ಕೆಲವು ಪೂರ್ತಿ ಮೂರು ತಿಂಗಳು—ಇದು ಅವನ ಮಾತು. ಮೂರು ತಿಂಗಳೆಂಬುದು ತಪ್ಪು. ಆದರೆ 60ಕ್ಕೂ 72ಕ್ಕೂ ಆಧಾರವಿದೆ. ಕೂಡಿದ ದಿನದಿಂದ ಎಣಿಸಿದರೆ ನಾಯಿಗಳು 57ನೆಯ ದಿನದಿಂದ 72ನೆಯ ದಿನದವರೆಗೆ ಯಾವಾಗ ಬೇಕಾದರೂ ಮರಿಹಾಕುತ್ತವೆ ಎಂದು ಇಂದಿನ ಪಶುವೈದ್ಯರೂ ಹೇಳುತ್ತಾರೆ. ಈ ಹದಿನೈದು ದಿನಗಳ ಅಂತರಕ್ಕೆ ನಾಯಿಯ ಜಾತಿ ಕಾರಣವೆಂದು ಅರಿಸ್ಟಾಟಲ್ ತಿಳಿದ. ನಿಜವಾದ ಕಾರಣ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ಕಡೆಯಲ್ಲೂ ನಾಯಿಗೆ ಗೌರವವಿರಲಿಲ್ಲವೆನ್ನುವಂತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ವಾಚಕರಲ್ಲಿ ಅನೇಕರು ಬಲ್ಲರು. ಕ್ರಿ. ಶ. 949-50ರ ಕಾಲದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಂಟನಾದ ಮಣಲೆರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕಾಗಿ ಕಲ್ಲು ನಿಂತಿತು, ಭೂಮಿಯ ದತ್ತಿ ನಡೆಯಿತು, ಕಲ್ಲಿಗೆ ಪೂಜೆಯ ಕಟ್ಟಳೆಯಾಯಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ನಾಯಿಗಳ ವಿನೋದಕ್ಕೂ ಸ್ಥಳ ಕೊಟ್ಟ. ಆದರೆ ವೈದ್ಯದ ಮಾತು ಬಂದಾಗ ನಮ್ಮ ಹಿರಿಯರ ಗಮನವೆಲ್ಲ ಆನೆ, ಕುದುರೆ, ಹಸುಗಳ ಕಡೆಗೆ. ಪಾಲಕಾಪ್ಯನ ಹೆಸರಿನಲ್ಲಿ ಆನೆಗೆ ಶಾಸ್ತ್ರವಿದೆ, ಶಾಲಿಹೋತ್ರನ ಹೆಸರಿನಲ್ಲಿ ಕುದುರೆಗೆ ಶಾಸ್ತ್ರವಿದೆ. ಕಾದಿ ಸತ್ತ ನಾಯಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ ಮರಿಹಾಕುವ ನಾಯಿ ತನ್ನ ಪಾಡಿಗೆ ತಾನು ಹಿತ್ತಲ ಮೂಲೆಯಲ್ಲಿ ಉಳಿಯಿತು.

ಯೂರೋಪಿನಲ್ಲೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಬೂರ್ಜೆಲಾ ಎಂಬವನು ಪಶುವೈದ್ಯ ಶಾಲೆಗೆ ಅನುಮತಿ ಪಡೆದದ್ದು ಕುದುರೆ ದನಗಳ ಸಲುವಾಗಿ. ನಮ್ಮ ದೇಶದಲ್ಲಿ 1886ರಲ್ಲಿ ಮುಂಬಯಿಯಲ್ಲಿ, 1903ರಲ್ಲಿ ಮದರಾಸಿನಲ್ಲಿ, 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜುಗಳು ಬಂದವು. ಆದರೂ ಪಶುವೈದ್ಯಶಾಲೆಗೆ ನಮ್ಮ ಜನ ಇಟ್ಟ ಹೆಸರು 'ದನದ ಆಸ್ಪತ್ರೆ'. ಆ ಹೆಸರೇ ನಾಯಿಯ ಸ್ಥಾನವೇನೆಂಬುದನ್ನು ಹೇಳುತ್ತದೆ.

ಇನ್ನು ನಾಯಿಯ ಗರ್ಭ ವಿಜ್ಞಾನದ ವಿಷಯವಾದ ಕಥೆ. ಇಟಲಿಯ ಪಾವಿಯಾ ವಿಶ್ವವಿದ್ಯಾನಿಲಯದ ಸ್ಪಲಂಜಾನಿ ಎಂಬ ಪಾದ್ರಿ-ವಿಜ್ಞಾನಿ 1780ರ ಸುಮಾರಿಗೆ ಒಂದು ಪ್ರಯೋಗ ನಡೆಸಿದ. ಹೆಣ್ಣುನಾಯಿಯೊಂದನ್ನು ಕೋಣೆಯಲ್ಲಿ ಕೂಡಿಹಾಕಿ, ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಂಡು, ಅದು ಬೆದೆಗೆ ಬಂದಾಗ ಗಂಡುನಾಯಿಯ ವೀರ್ಯವನ್ನು ಪಿಚಕಾರಿಯಿಂದ ಅದರ ಗರ್ಭಕ್ಕೆ ಸೇರಿಸಿದ. 62 ದಿನಗಳ ಮೇಲೆ ಅದು ಮೂರು ಮರಿಗಳನ್ನು ಹಾಕಿತು. ಗರ್ಭದ ಮೊದಲ ದಿನ ಇದೇ ಎಂದು ಬೆರಳಿಟ್ಟು ತೋರಿಸಬಹುದಾದ ನಾಯಿ ಅದು.

ಅದಕ್ಕಿಂತ ದೊಡ್ಡ ಸಂಗತಿ 1827ರದು. ಸಸ್ತನಿಗಳ ಗರ್ಭ ಎಲ್ಲಿಂದ ಮೊದಲಾಗುತ್ತದೆ ಎಂಬುದು ಆಗಿನ್ನೂ ಒಗಟಾಗಿಯೇ ಇತ್ತು. ರಕ್ತದ ಪರಿಚಲನೆಯನ್ನು ಕಂಡುಹಿಡಿದ ಹಾರ್ವೆಯಂಥವನು ಕೂಡ ಇಂಗ್ಲೆಂಡಿನ ದೊರೆಯ ಜಿಂಕೆಗಳನ್ನು ಕೊಯ್ದು ನೋಡಿ, ಕೂಡಿದ ಎಷ್ಟೋ ವಾರಗಳವರೆಗೆ ಗರ್ಭಕೋಶದಲ್ಲಿ ಏನನ್ನೂ ಕಾಣದೆ ಬೆರಗಾಗಿದ್ದ. ಈಗ ರಷ್ಯಕ್ಕೆ ಸೇರಿರುವ, ಆಗ ಪ್ರಷ್ಯದಲ್ಲಿದ್ದ ಕೋನಿಗ್ಸ್‌ಬರ್ಗಿನಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಈ ಒಗಟಿನ ಬೆನ್ನು ಹತ್ತಿದ. ಕೂಡಿ ಒಂದೆರಡು ದಿನಗಳಷ್ಟೇ ಆಗಿರುವ ನಾಯಿ ಅವನಿಗೆ ಬೇಕಾಗಿತ್ತು. ಹಿರಿಯ ಸಹೋದ್ಯೋಗಿ ಬುರ್ದಾಖನ ಮನೆಯಲ್ಲಿ ಅಂಥ ನಾಯಿಯೊಂದಿತ್ತು, ಅದನ್ನು ಬಲಿಕೊಟ್ಟರು. ಅದರ ಅಂಡಾಶಯದ ಗುಳ್ಳೆಗಳಲ್ಲಿ ಹಳದಿ ಚುಕ್ಕೆಗಳು ಬರಿಗಣ್ಣಿಗೇ ಕಂಡವು. ನಾಯಿಯ ಅಂಡದಲ್ಲಿ ಕೊಬ್ಬಿನ ಅಂಶ ಹೆಚ್ಚಾದ್ದರಿಂದ ಅದು ಹಾಗೆ ಎದ್ದು ಕಾಣುತ್ತದೆ. ಬೇರ್ ಒಂದು ಗುಳ್ಳೆಯನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಹಕ್ಕಿಗಳ ಮೊಟ್ಟೆಯ ಭಂಡಾರದಂತೆಯೇ ಸ್ಫುಟವಾದ ಪುಟ್ಟ ಗೋಳ! ಸಸ್ತನಿಯ ಅಂಡವನ್ನು ಮನುಷ್ಯ ಗುರುತಿಸಿದ್ದು ಹೀಗೆ. ನಾವು ನೀವೆಲ್ಲ ಹುಟ್ಟುವ ಬಗೆಯ ಮೊದಲ ಪಾಠವನ್ನು ಕಲಿಸಿದ್ದು ಒಂದು ಸಾಕುನಾಯಿ.

ಇಷ್ಟಾದ ಮೇಲೂ ಜೀವಂತ ನಾಯಿ ಎದುರಿಗೆ ನಿಂತರೆ ಅದಕ್ಕೆ ಗಬ್ಬ ನಿಂತಿದೆಯೇ ಎಂದು ಹೇಳುವುದು ಸುಲಭವಾಗಲಿಲ್ಲ. 1927-28ರಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೋಂಡೆಕ್ ಗರ್ಭಿಣಿಯ ಮೂತ್ರದಲ್ಲಿರುವ ವಿಶೇಷ ಹಾರ್ಮೋನಿನಿಂದ ಗರ್ಭವನ್ನು ಗುರುತಿಸುವ ದಾರಿಯನ್ನು ತೋರಿದರು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಪಟ್ಟಿ ಹುಡುಕುವುದು ಅದೇ ಹಾರ್ಮೋನನ್ನು. ಆದರೆ ನಾಯಿಯ ದೇಹ ಆ ಹಾರ್ಮೋನನ್ನು ಮಾಡುವುದೇ ಇಲ್ಲ. ಆದ್ದರಿಂದ ಆ ಪಟ್ಟಿ ನಾಯಿಗೆ ನಿರುಪಯೋಗಿ.

ಇನ್ನೊಂದು ತೊಡಕು ಇದಕ್ಕಿಂತ ವಿಚಿತ್ರವಾದದ್ದು. ನಾಯಿ ಬೆದೆಗೆ ಬಂದು ಹೋದ ಮೇಲೆ, ಗಬ್ಬವಾಗಲಿ ಆಗದಿರಲಿ, ಗರ್ಭವನ್ನು ಕಾಪಾಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸುಮಾರು ಎರಡು ತಿಂಗಳ ಕಾಲ ಅದರ ರಕ್ತದಲ್ಲಿ ಏರಿಯೇ ಇರುತ್ತದೆ. ಅದು ಇಳಿಯುವಾಗ ಹಾಲೂಡುವ ಹಾರ್ಮೋನು ತಲೆಯೆತ್ತುತ್ತದೆ. ಮರಿಯಿಲ್ಲದ ನಾಯಿಯೂ ಹೊಟ್ಟೆ ಬಿಟ್ಟುಕೊಂಡು, ಮೊಲೆ ತುಂಬಿ, ಮೂಲೆಯಲ್ಲಿ ಗೂಡು ಮಾಡತೊಡಗುತ್ತದೆ. ಇದೇ ಹುಸಿಬಸಿರು.

ನಮ್ಮ ಬೀದಿಯ ಒಂದು ಮನೆಯಲ್ಲಿ ಬಿಳಿಯ ಪೊಮೆರೇನಿಯನ್ ನಾಯಿ ಇತ್ತು. ಅದು ಅಜ್ಜಿಯ ಹಳೆಯ ಸೀರೆಯನ್ನು ಮಂಚದಡಿಗೆ ಎಳೆದೊಯ್ದು ಹಾಸಿಗೆ ಮಾಡಿಕೊಂಡಿತು. ಮೊಲೆಯಲ್ಲಿ ಹಾಲೂ ಬಂತು. ಅಜ್ಜಿ ಬಾಣಂತನಕ್ಕೆ ಸಿದ್ಧರಾದರು. ಮೊಮ್ಮಗ ಡಾಕ್ಟರನ್ನು ಕರೆತಂದಾಗ ನಾನೂ ಅಲ್ಲಿದ್ದೆ.

"ಎಂಟು ಹೆತ್ತವಳು ನಾನು. ನನಗೆ ತಿಳಿಯದೇನಪ್ಪ?" ಎಂದರು ಅಜ್ಜಿ.

ಡಾಕ್ಟರು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿ, ಚಿತ್ರ ತೆಗೆಸಿ ನೋಡಿ ಹೇಳಿದರು: "ಅಜ್ಜೀ, ನೀವು ಹೇಳಿದ ಲಕ್ಷಣ ಒಂದೂ ಸುಳ್ಳಲ್ಲ. ಆದರೆ ಒಳಗೆ ಮರಿ ಇಲ್ಲ."

"ಹಾಗಾದರೆ ಈ ಹಾಲು ಯಾರಿಗೋ?"

ಅಜ್ಜಿಯ ಪ್ರಶ್ನೆಗೆ ವಿಜ್ಞಾನಿಗಳು ಒಂದು ಊಹೆಯನ್ನು ಹೇಳುತ್ತಾರೆ. ತೋಳಗಳ ಹಿಂಡಿನಲ್ಲಿ ಮರಿಹಾಕುವುದು ಸಾಮಾನ್ಯವಾಗಿ ಒಂದೇ ಹೆಣ್ಣು. ಮಿಕ್ಕ ಹೆಣ್ಣುಗಳು ಆ ಮರಿಗಳನ್ನು ಸಾಕಲು ನೆರವಾಗಲೆಂದೇ ಈ ಏರ್ಪಾಡು ಉಳಿದುಬಂದಿರಬಹುದಂತೆ. ಅದೇನೇ ಇರಲಿ, ಹುಸಿಬಸಿರಿನ ಹಾಲನ್ನು ಹಿಂಡಬಾರದು. ಹಿಂಡಿದಷ್ಟೂ ಅದು ಬರುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಾನೇ ಇಳಿಯುತ್ತದೆ.

ಅರಿಸ್ಟಾಟಲನ ಹದಿನೈದು ದಿನಗಳ ಅಂತರದ ಗುಟ್ಟೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಯಲಾಯಿತು. ನಾಯಿಯ ಅಂಡ ಬಲಿಯುವ ಮೊದಲೇ ಬಿಡುಗಡೆಯಾಗಿ ಎರಡು ಮೂರು ದಿನಗಳ ಮೇಲೆ ಫಲವತ್ತಾಗುತ್ತದೆ. ಗಂಡಿನ ವೀರ್ಯಾಣುಗಳೋ ಹೆಣ್ಣಿನ ಒಡಲಲ್ಲಿ ಒಂದು ವಾರದವರೆಗೂ ಬದುಕಿರಬಲ್ಲವು. ಆದ್ದರಿಂದ ಕೂಡಿದ ದಿನವೇ ಬೇರೆ, ಗರ್ಭ ನಿಂತ ದಿನವೇ ಬೇರೆ. ಅಂಡ ಬಿಡುಗಡೆಯಾದ ದಿನದಿಂದ ಎಣಿಸಿದರೆ ಎಲ್ಲ ಜಾತಿಯ ನಾಯಿಗಳಿಗೂ ಲೆಕ್ಕ ಹೆಚ್ಚುಕಡಮೆ ಒಂದೇ: 63 ದಿನ, ಒಂದು ದಿನ ಆಚೆ ಈಚೆ.

ಕಣ್ಣು ಮೋಸಹೋಗುವ ಕಡೆ ಡಾಕ್ಟರ ನೆರವು ಬೇಕಾಗುತ್ತದೆ. ಕೂಡಿದ ನಾಲ್ಕನೆಯ ವಾರದ ಆಸುಪಾಸಿನಲ್ಲಿ ನುರಿತ ಕೈ ಹೊಟ್ಟೆಯೊಳಗಿನ ಸಣ್ಣ ಗಂಟುಗಳ ಸಾಲನ್ನು ಮುಟ್ಟಿ ತಿಳಿಯಬಲ್ಲದು. ಆಮೇಲೆ ಆ ಗಂಟುಗಳು ಒಂದರೊಡನೊಂದು ಕೂಡಿದಂತಾಗಿ ಕೈಗೆ ಸಿಗುವುದಿಲ್ಲ. ಮನೆಯವರು ಇದನ್ನು ಪ್ರಯತ್ನಿಸಬಾರದು, ಒತ್ತಡದಿಂದ ಹಾನಿಯಾದೀತು. 1958ರಲ್ಲಿ ಗ್ಲಾಸ್ಗೋವಿನ ಇಯಾನ್ ಡೊನಾಲ್ಡ್ ಮನುಷ್ಯರ ಗರ್ಭವನ್ನು ಶಬ್ದದ ಅಲೆಗಳಿಂದ ನೋಡುವ ಕ್ರಮವನ್ನು ಪ್ರಕಟಿಸಿದರು. ಅದೇ ಸ್ಕ್ಯಾನಿಂಗ್ ಮುಂದೆ ನಾಯಿಗೂ ಬಂತು. 25ನೆಯ ದಿನದ ಹೊತ್ತಿಗೆ ಮರಿಯ ಎದೆಬಡಿತ ಅದರಲ್ಲಿ ಕಾಣುತ್ತದೆ. ಗರ್ಭದ ಮಾಸು ಮಾತ್ರ ಹೆಚ್ಚಾಗಿ ಸ್ರವಿಸುವ ರಿಲಾಕ್ಸಿನ್ ಎಂಬ ಹಾರ್ಮೋನನ್ನು ಹುಡುಕುವ ರಕ್ತಪರೀಕ್ಷೆಯೂ ಒಂದು ತಿಂಗಳಾಗುವ ಹೊತ್ತಿಗೆ ಉತ್ತರ ಕೊಡುತ್ತದೆ. ಹುಸಿಬಸಿರು ಇದರ ಮುಂದೆ ನಿಲ್ಲದು. 45 ದಿನಗಳ ಮೇಲೆ ಮರಿಗಳ ಎಲುಬು ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಮೂಡುತ್ತದೆ. ಕೊನೆಯ ವಾರದಲ್ಲಿ ತೆಗೆಸಿದರೆ ಮರಿಗಳೆಷ್ಟೆಂದು ಎಣಿಸಬಹುದು. ಎಣಿಕೆ ಗೊತ್ತಿದ್ದರೆ, ಹೆರಿಗೆ ಮುಗಿಯಿತೋ ಒಳಗೆ ಇನ್ನೊಂದು ಉಳಿಯಿತೋ ಎಂಬ ಸಂಶಯ ಇರುವುದಿಲ್ಲ.

"ಗಬ್ಬವೆಂದು ತಿಳಿದರೆ ಸಂತೋಷ, ಇಲ್ಲವೆಂದರೂ ನಷ್ಟವೇನು? ಕಾದು ನೋಡಿದರಾಯಿತು" ಎನ್ನುವವರಿದ್ದಾರೆ. ಕಾಯುವುದರಲ್ಲಿ ಅಪಾಯವಿದೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ, ವಿಶೇಷವಾಗಿ ವಯಸ್ಸಾದ ನಾಯಿಗಳಲ್ಲಿ, ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುವುದುಂಟು. ಹೊಟ್ಟೆ ಉಬ್ಬುತ್ತದೆ, ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಮನೆಯವರು ಬಸಿರೆಂದುಕೊಳ್ಳುತ್ತಾರೆ. ವಿಪರೀತ ನೀರು ಕುಡಿಯುವುದು, ವಾಂತಿ, ಕೆಟ್ಟ ವಾಸನೆಯ ಸ್ರಾವ ಕಂಡರೆ ಆ ದಿನವೇ ಡಾಕ್ಟರ ಬಳಿಗೆ ಹೋಗಬೇಕು. ಕೀವು ಹೊರಗೆ ಹರಿಯದೆ ಒಳಗೇ ನಿಂತರೆ ಇನ್ನೂ ಕೇಡು. ಬಸಿರೆಂದು ಕಾದು ಕುಳಿತ ಮನೆಯಲ್ಲಿ ನಾಯಿಯೇ ಹೋಗಿಬಿಡಬಹುದು.

ಹೆರಿಗೆಯ ಹೊತ್ತಿಗೂ ಕೆಲವು ಗುರುತುಗಳಿವೆ. ಮರಿಹಾಕುವ ಒಂದು ದಿನ ಮೊದಲು ನಾಯಿಯ ಮೈಬಿಸಿ ಸಾಮಾನ್ಯವಾಗಿ 99 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಯುತ್ತದೆ. ಹೆಚ್ಚಿನ ನಾಯಿಗಳಿಗೆ ನಮ್ಮ ಸಹಾಯ ಬೇಡ. ಶಾಂತವಾದ ಮೂಲೆ ಸಾಕು. ಆದರೆ ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಎರಡು ಗಂಟೆ ಮೀರಿದರೆ, ಮೊದಲ ಮರಿಗೆ ಮುಂಚೆಯೇ ಹಸಿರುಗಪ್ಪು ಸ್ರಾವ ಕಂಡರೆ, ಕೂಡಿದ ದಿನದಿಂದ 70 ದಿನ ದಾಟಿದರೆ, ತಡಮಾಡುವಂತಿಲ್ಲ. ಮರಿಹಾಕಿದ ಮೊದಲ ಕೆಲವು ವಾರಗಳಲ್ಲಿ, ಅದರಲ್ಲೂ ಸಣ್ಣ ಜಾತಿಯ ನಾಯಿಗಳಲ್ಲಿ, ಮೈ ನಡುಕ ಬಂದು ಕಾಲು ಸೆಟೆದರೆ ಅದು ರಕ್ತದಲ್ಲಿ ಸುಣ್ಣದ ಅಂಶ ಇಳಿದ ಸೂಚನೆ. ಇದಕ್ಕೆ ಹೆದರಿ ಬಸಿರಿನಲ್ಲೇ ಕ್ಯಾಲ್ಸಿಯಂ ಮಾತ್ರೆ ತಿನ್ನಿಸುವವರಿದ್ದಾರೆ. ಅದರಿಂದ ಈ ಕಾಯಿಲೆಯ ಸಂಭವ ಹೆಚ್ಚುತ್ತದೆಯೇ ಹೊರತು ಕಡಮೆಯಾಗದು.

ಎರಡು ಸಾವಿರ ವರ್ಷಗಳ ಈ ಕಥೆಯಿಂದ ಮನೆಯವರು ತೆಗೆದುಕೊಳ್ಳಬೇಕಾದದ್ದು ಬಹಳವೇನಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನಾಯಿ ಬೆದೆಗೆ ಬಂದ ದಿನವನ್ನೂ ಕೂಡಿದ ದಿನವನ್ನೂ ಗುರುತು ಹಾಕಿಡಬೇಕು. ತಿಂಗಳು ತುಂಬುವ ಹೊತ್ತಿಗೆ ಒಮ್ಮೆ ಡಾಕ್ಟರಿಗೆ ತೋರಿಸಬೇಕು. ಹೊಟ್ಟೆಯನ್ನು ನೋಡಿ ವಾದ ಮಾಡುವುದಕ್ಕಿಂತ ಇದು ಅಗ್ಗ, ನಾಯಿಗೆ ಕ್ಷೇಮ.

ಆತಕೂರಿನ ಕಾಳಿಯ ಹೆಸರು ಸಾವಿರ ವರ್ಷಗಳಿಂದ ಕಲ್ಲಿನಲ್ಲಿದೆ. ಸಸ್ತನಿಯ ಅಂಡವನ್ನು ತೋರಿಸಿಕೊಟ್ಟ ಕೋನಿಗ್ಸ್‌ಬರ್ಗಿನ ನಾಯಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅದಕ್ಕೆ ನಾವು ಸಲ್ಲಿಸಬಹುದಾದ ಕಾಣಿಕೆಯೆಂದರೆ, ಅದರ ಕುಲದ ತಾಯಂದಿರ ದಿನಗಳನ್ನು ತಪ್ಪದೆ ಎಣಿಸುವುದು.