ಮುಂಬಯಿ ಗವರ್ನರ್: ಕೊಲ್ಹಾಪುರ ಸೀಮೆಯಲ್ಲಿ ಅವನ ಅಧಿಕಾರ

ಬ್ರಿಟಿಷರ ಕಾಲದಲ್ಲಿ ಮುಂಬಯಿ ಇಲಾಖೆಯನ್ನು ಆಳುತ್ತಿದ್ದ ಅತ್ಯುನ್ನತ ಅಧಿಕಾರಿ. ಜನರ ಬಾಯಲ್ಲಿ ಲಾಟಸಾಹೇಬ. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಇವನ ನೇರ ಆಳ್ವಿಕೆಯಲ್ಲಿದ್ದವು; 1862ರಲ್ಲಿ ಉತ್ತರ ಕನ್ನಡವೂ ಮದರಾಸಿನಿಂದ ಇವನ ಕೈಗೆ ಬಂತು. ಗಡಹಿಂಗ್ಲಜ ಸೀಮೆಯ ಕಥೆ ಬೇರೆ. ಅದು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು; ಅದರ ನೆರೆಯ ಚಂದಗಡ ಬೆಳಗಾವಿ ಜಿಲ್ಲೆಯಲ್ಲಿತ್ತು. ಚಂದಗಡದ ರೈತನಿಗೆ ಗವರ್ನರನೇ ಸರಕಾರ. ಗಡಹಿಂಗ್ಲಜದ ರೈತನಿಗೆ ಸರಕಾರವೆಂದರೆ ಛತ್ರಪತಿಯ ದರಬಾರು, ಗವರ್ನರ್ ಆ ದರಬಾರಿನ ಬೆನ್ನ ಹಿಂದೆ ನಿಂತವನು.

ಗವರ್ನರನ ನೇಮಕ ಲಂಡನ್ನಿನಲ್ಲೇ ಆಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಎಲ್ಫಿನ್‌ಸ್ಟನ್, ಮಾಲ್ಕಮ್‌ರಂಥ ಈ ನಾಡನ್ನು ಕುದುರೆಯ ಮೇಲೆ ಸುತ್ತಿ ಬಲ್ಲವರೂ ಈ ಹುದ್ದೆಗೆ ಬಂದರು. 1858ರ ನಂತರ ಹೆಚ್ಚಾಗಿ ಬಂದವರು ಇಂಗ್ಲೆಂಡಿನ ಪ್ರಭು ಮನೆತನದವರು, ರಾಜಕಾರಣಿಗಳು. ರೂಢಿಯ ಅವಧಿ ಐದು ವರ್ಷ. ನೆಲ ಪರಿಚಯವಾಗುವ ಹೊತ್ತಿಗೆ ಹಡಗು ಹತ್ತುವ ಸಮಯ. ವರ್ಷದಲ್ಲಿ ಮುಂಬಯಿಯ ವಾಸವೂ ಪೂರ್ತಿಯಲ್ಲ: ಬೇಸಿಗೆಗೆ ಮಹಾಬಳೇಶ್ವರ, ಮಳೆಗಾಲಕ್ಕೆ ಪುಣೆಯ ಗಣೇಶಖಿಂಡ.

ಗವರ್ನರ್ ಒಬ್ಬನೇ ಆಳುತ್ತಿರಲಿಲ್ಲ. ಆಜ್ಞೆಗಳೆಲ್ಲ ‘ಗವರ್ನರ್ ಇನ್ ಕೌನ್ಸಿಲ್’ ಹೆಸರಿನಲ್ಲಿ ಹೊರಡುತ್ತಿದ್ದವು. ಪ್ರಾಂತ್ಯದ ಹಿತಕ್ಕೆ ಧಕ್ಕೆ ಎನಿಸಿದರೆ ಕೌನ್ಸಿಲ್ಲಿನ ಬಹುಮತವನ್ನು ತಳ್ಳಿಹಾಕುವ ಹಕ್ಕೂ ಅವನಿಗಿತ್ತು. ಭೂಮಾಪನದ ನಂತರ 30 ವರ್ಷಕ್ಕೆ ಗೊತ್ತುಮಾಡುವ ಕಂದಾಯದ ದರಕ್ಕೆ ಮಂಜೂರಿ, ಪೋಲೀಸು, ಶಾಲೆ, ರಸ್ತೆ, ಬರಗಾಲದ ಕಾಮಗಾರಿ ಎಲ್ಲವೂ ಅವನ ಕಚೇರಿಗೇ ಬರುತ್ತಿದ್ದವು. ಮೇಲಿನ ಹಿಡಿತ ಮಾತ್ರ ತಪ್ಪಿದ್ದಲ್ಲ. 1773ರ ಶಾಸನ ಯುದ್ಧ ಮತ್ತು ಸಂಧಿಯ ವಿಷಯದಲ್ಲಿ ಮುಂಬಯಿಯನ್ನು ಬಂಗಾಳಕ್ಕೆ ಅಧೀನ ಮಾಡಿತು. 1833ರ ಶಾಸನ ಕಾನೂನು ಮಾಡುವ ಅಧಿಕಾರವನ್ನೇ ಕಿತ್ತುಕೊಂಡಿತು. 1861ರಲ್ಲಿ ಅದು ಹಿಂದಿರುಗಿತು. ಆಮೇಲೂ ಪ್ರಾಂತ್ಯದ ಮಸೂದೆಗೆ ಗವರ್ನರನ ಅಂಕಿತದ ಜೊತೆಗೆ ಗವರ್ನರ್ ಜನರಲ್ಲನ ಒಪ್ಪಿಗೆಯೂ ಬೇಕಿತ್ತು.

ಕೊಲ್ಹಾಪುರದ ಮೇಲೆ ಮುಂಬಯಿ ಸರಕಾರದ ಹಿಡಿತ ಒಂದೊಂದೇ ಒಪ್ಪಂದದಿಂದ ಬಿಗಿಯಾಯಿತು. 1812ರಲ್ಲಿ ಸಂಸ್ಥಾನ ಮಾಲವಣವನ್ನು ಬಿಟ್ಟುಕೊಟ್ಟು, ನೆರೆಯವರೊಡನೆ ಬರುವ ತಂಟೆಗಳನ್ನು ಕಂಪನಿಯ ತೀರ್ಮಾನಕ್ಕೆ ಒಪ್ಪಿಸಲು ಸಮ್ಮತಿಸಿತು. 1820ರ ದಶಕದ ಕೊನೆಯ ಒಪ್ಪಂದಗಳು ಸೈನ್ಯಕ್ಕೆ ಮಿತಿ ಹಾಕಿ, ಮುಖ್ಯ ಕಾರಭಾರಿಯನ್ನು ನೇಮಿಸುವ ಹಕ್ಕನ್ನೂ ಕಂಪನಿಗೆ ಕೊಟ್ಟವು. ಈ ಕೊನೆಯ ಹಕ್ಕೇ ಮುಂದೆ ಬೆಂಕಿ ಹಚ್ಚಿತು.

1838ರಲ್ಲಿ ರಾಜ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. ಬ್ರಿಟಿಷರು ಕಾರಭಾರಿಯಾಗಿ ನೇಮಿಸಿದ ದಾಜಿ ಕೃಷ್ಣ ಪಂಡಿತ ಕಂದಾಯದ ವ್ಯವಸ್ಥೆಯನ್ನು ಬಿಗಿ ಮಾಡಹೊರಟು, ಕೋಟೆಗಳನ್ನು ವಂಶಪಾರಂಪರ್ಯವಾಗಿ ಕಾಯುತ್ತ ಬಂದಿದ್ದ ಗಡಕರಿಗಳ ಸೇವಾಭೂಮಿಯನ್ನು ಮಾಮಲೇದಾರರ ಕೈಗೆ ಕೊಟ್ಟ. ಭೂಮಿ ಹೋದರೆ ಗಡಕರಿಗೆ ಕೋಟೆಯಲ್ಲೇನು ಕೆಲಸ? 1844ರಲ್ಲಿ ಗಡಹಿಂಗ್ಲಜದ ಬಳಿಯ ಸಾಮಾನಗಡದವರೂ ಭುದರಗಡದವರೂ ಬಾಗಿಲು ಹಾಕಿಕೊಂಡು ಬಂಡೆದ್ದರು. ಆಗ ಮುಂಬಯಿಯ ಗವರ್ನರ್ ಸರ್ ಜಾರ್ಜ್ ಆರ್ಥರ್. ಬೆಳಗಾವಿಯಿಂದ ದಂಡು ಹೊರಟಿತು. ಅಕ್ಟೋಬರ್ 13ರಂದು ಸಾಮಾನಗಡ, ಡಿಸೆಂಬರ್ 1ರಂದು ಪನ್ಹಾಳ ಬಿದ್ದವು. ಕೋಟೆಗಳನ್ನು ನಿರುಪಯೋಗಿ ಮಾಡಲಾಯಿತು. ದಂಡಿನ ವೆಚ್ಚವನ್ನು ಸಂಸ್ಥಾನದ ತಲೆಗೇ ಕಟ್ಟಲಾಯಿತು. ತಾವು ಆರಿಸಿದ ಕಾರಭಾರಿಯಿಂದ ಎದ್ದ ದಂಗೆಯ ಖರ್ಚನ್ನು ದರಬಾರಿನಿಂದ ವಸೂಲು ಮಾಡಿದ್ದು ಯಾವ ನ್ಯಾಯವೋ ತಿಳಿಯದು. ಆ ನಂತರ ಕೊಲ್ಹಾಪುರದಲ್ಲೇ ಒಬ್ಬ ಪೊಲಿಟಿಕಲ್ ಅಧಿಕಾರಿ ನೆಲೆಯೂರಿದ. ಈ ಸೀಮೆಗೆ ಗವರ್ನರನ ಕಣ್ಣು ಕಿವಿ ಅವನೇ. 1857ರ ಜುಲೈ 31ರಂದು ಕೊಲ್ಹಾಪುರದಲ್ಲಿದ್ದ 27ನೆಯ ದೇಶೀ ಪದಾತಿದಳ ಬಂಡೆದ್ದಾಗ ರಾಜನ ತಮ್ಮ ಚಿಮಾಸಾಹೇಬನ ಮೇಲೆ ಸಂಶಯ ಬಿದ್ದು, ಅವನನ್ನು ಕರಾಚಿಗೆ ಸಾಗಿಸಲಾಯಿತು.

1862ರ ಒಪ್ಪಂದದಿಂದ ರಾಜನಿಗೆ ಅಧಿಕಾರ ಮರಳಿತು. ಆದರೂ ಇಚಲಕರಂಜಿಯಂಥ ದೊಡ್ಡ ಜಹಗೀರುಗಳ ಮೇಲಿನ ಮೇಲ್ವಿಚಾರಣೆಯನ್ನು ಬ್ರಿಟಿಷರು ಬಿಡಲಿಲ್ಲ. ಹೀಗಾಗಿ ಜಹಗೀರದಾರನಿಗೆ ಎರಡು ಬಾಗಿಲು: ಒಂದು ದರಬಾರಿನದು, ಇನ್ನೊಂದು ಪೊಲಿಟಿಕಲ್ ಏಜೆಂಟನದು. ದತ್ತಕ, ಪಟ್ಟ, ಅಪ್ರಾಪ್ತ ರಾಜನ ಶಿಕ್ಷಣ ಯಾವುದಕ್ಕೂ ಬ್ರಿಟಿಷರ ಮಾತು ಬೇಕೇ ಬೇಕು. 1884ರಲ್ಲಿ ದತ್ತಕಕ್ಕೆ ಬಂದ ಶಾಹು ಛತ್ರಪತಿಗೆ 1894ರ ಏಪ್ರಿಲ್ 2ರಂದು ಆಡಳಿತವನ್ನು ಒಪ್ಪಿಸಿದವನು ಗವರ್ನರ್ ಲಾರ್ಡ್ ಹ್ಯಾರಿಸ್. ಮರ್ಯಾದೆಯ ತೋಪುಗಳ ಪಟ್ಟಿಯಲ್ಲಿ ಕೊಲ್ಹಾಪುರಕ್ಕೆ 19, ಗವರ್ನರನಿಗೆ 17. ಸಂಸ್ಥಾನದ ಮಾನ ತೋಪಿನಲ್ಲಿ ಉಳಿಯಿತೆನ್ನಬೇಕು.

1919ರ ಸುಧಾರಣೆಗಳಿಂದ ಶಿಕ್ಷಣ, ಕೃಷಿ ಮುಂತಾದ ಖಾತೆಗಳು ಮಂತ್ರಿಗಳ ಕೈಗೆ ಬಂದವು. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿ ಅಂಥ ಮಂತ್ರಿಗಳಲ್ಲೊಬ್ಬರು. ಹಣಕಾಸು, ಪೋಲೀಸು ಗವರ್ನರನ ಬಳಿಯೇ ಉಳಿದವು. 1935ರ ಶಾಸನ ಎಲ್ಲ ಖಾತೆಗಳನ್ನು ಮಂತ್ರಿಗಳಿಗೆ ಬಿಟ್ಟರೂ ಅದರ 93ನೆಯ ಕಲಮು ಗವರ್ನರನ ಕೈಯಲ್ಲಿತ್ತು. 1939ರಲ್ಲಿ ಬಿ. ಜಿ. ಖೇರ್ ಅವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟೊಡನೆ ಗವರ್ನರ್ ರಾಜರ್ ಲಮ್ಲಿ ಇದೇ ಕಲಮಿನಿಂದ ಇಡೀ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡ. 1946ರವರೆಗೆ ಚುನಾಯಿತ ಸರಕಾರವಿರಲಿಲ್ಲ. ಇದೆಲ್ಲ ಚಂದಗಡದ ಮಾತು. ಗಡಹಿಂಗ್ಲಜಕ್ಕೂ ಮುಂಬಯಿ ಗವರ್ನರನಿಗೂ ಇದ್ದ ನಂಟು ಅಷ್ಟರಲ್ಲೇ ಕಡಿದಿತ್ತು: 1933ರಲ್ಲಿ ಕೊಲ್ಹಾಪುರ ನೇರವಾಗಿ ಭಾರತ ಸರಕಾರದ ಸಂಬಂಧಕ್ಕೆ ಒಳಪಟ್ಟಿತು.

1949ರ ಮಾರ್ಚ್ 1ರಂದು ಕೊಲ್ಹಾಪುರ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಗಡಹಿಂಗ್ಲಜ ಸೀಮೆ ಮೊದಲ ಸಲ ಮುಂಬಯಿ ಗವರ್ನರರ ಪ್ರಾಂತ್ಯದೊಳಗೆ ಬಂದದ್ದು ಆಗಲೇ. ಆಗ ಆ ಹುದ್ದೆಯಲ್ಲಿದ್ದವರು ಭಾರತೀಯರೇ ಆದ ರಾಜಾ ಮಹಾರಾಜ ಸಿಂಗ್. 1956ರಲ್ಲಿ ಚಂದಗಡವೂ ಬೆಳಗಾವಿಯಿಂದ ಬೇರ್ಪಟ್ಟು ಕೊಲ್ಹಾಪುರ ಜಿಲ್ಲೆಗೆ ಸೇರಿತು.