ಅಂಬಾಸಡರ್ ಕಾರೂ ಅವ್ವನ ಬಳಿಗಳೂ

ಹ್ವಾದ ವಾರ ನಮ್ಮ ಮನ್ಯಾಗ ಒಂದ ಸಣ್ಣ ಜಗಳ ಆತು. ಮಗ ಹೊಸಾ ಕಾರಿನ್ಯಾಗ ಮೊಮ್ಮಗಳಿಗೆ ಅಂತ ಬ್ಯಾರೆ ಸಣ್ಣ ಸೀಟ್ ಹಾಕಿಸ್ಯಾನ. ಅದರಾಗ ಕೂಸನ್ನ ಕೂಡಿಸಿ ಪಟ್ಟಾ ಬಿಗೀತಾನ. ಗದಗಿಗೆ ಹೊಂಟಾಗ ನಮ್ಮ ಅಕ್ಕ ಸಿಟ್ಟಿಗೆದ್ಲು. "ಕೂಸನ್ನ ಹಿಂಗ್ಯಾಕ ಕಟ್ಟಿ ಹಾಕೀಯೋ? ನನ್ನ ತೊಡಿ ಮ್ಯಾಲೆ ಕೊಡು. ಕಾಕಾನ ಅಂಬಾಸಡರಿನ್ಯಾಗ ನಾವು ಹತ್ತು ಮಂದಿ ಹೋಗಿಲ್ಲೇನು?"

ಹೋಗಿದ್ವಿ, ಖರೇ. ಆ ಕಾರಿನ ಗೇರು ಸ್ಟೇರಿಂಗ್ ಬಾಜೂಕ ಇರ್ತಿತ್ತು. ಅದಕ್ಕ ಮುಂದಿನ ಸೀಟು ಒಂದ ಉದ್ದಕ್ಕ, ಸೋಫಾದಂಗ. ಕಾಕಾ, ಅಪ್ಪ, ಅವ್ವ ಮುಂದ, ಅವ್ವನ ತೊಡಿ ಮ್ಯಾಲೆ ನಾನು. ಉಳದವರೆಲ್ಲಾ ಹಿಂದ. ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನ್ಯಾಗ, ಕೋಲ್ಕತ್ತಾ ಹತ್ರ ಉತ್ತರಪಾಡಾದಾಗ ಹಿಂದುಸ್ತಾನ್ ಮೋಟಾರ್ಸ್‌ದವರು ಮಾಡ್ತಿದ್ರು. 1950ರ ದಶಕದ ಕೊನಿಗೆ ಶುರು ಆಗಿದ್ದು 2014ಕ್ಕ ನಿಂತಿತು. ಅಷ್ಟು ವರ್ಷ ಅದರ ಮಾರಿ ಭಾಳ ಬದಲಾಗಲೇ ಇಲ್ಲ. ಸೀರಿ ಉಟ್ಟಾಕಿಗೆ ಹತ್ತಲಿಕ್ಕೆ ಇಳೀಲಿಕ್ಕೆ ಅಷ್ಟು ಸಲೀಸು ಮತ್ತೊಂದು ಕಾರ್ ನಾ ನೋಡಿಲ್ಲ ಬಿಡ್ರಿ.

1979ರಾಗ ಅಣ್ಣಿಗೇರಿ ಹತ್ರ ಎಮ್ಮಿ ಅಡ್ಡ ಬಂತು. ಕಾಕಾ ಗಕ್ಕನೆ ಬ್ರೇಕ್ ಹಾಕಿದ. ಅವ್ವ ಎರಡೂ ಕೈಲೆ ನನ್ನ ಅಪ್ಪಿ ಹಿಡದ್ಲು. ಆದ್ರೂ ನಾ ಮುಂದ ಜಿಗದೆ. ಅವ್ವನ ಹಸರ ಬಳಿ ನಾಕು ಒಡದು, ಒಂದ ಚೂರು ನನ್ನ ಹಣಿಗೆ ಹೊಕ್ಕಿತು. ಕುಂಕುಮದ ಬಾಜೂಕ ಆ ಗುರುತು ಈಗೂ ಅದ. ಕಾರಿಂದೇನೂ ತಪ್ಪಿಲ್ಲ. ಅವ್ವ ಬಿಗಿಯಾಗೇ ಹಿಡದಿದ್ಲು, ಆದ್ರ ಕೈ ಎಷ್ಟಂತ ತಡೀತದ?

"ಆವಾಗಿನ ಕಾರು ಕಬ್ಬಿಣ, ಈಗಿನೂವು ಡಬ್ಬಿ" ಅಂತಾಳ ಅಕ್ಕ. ನಾನೂ ಹಂಗ ತಿಳಕೊಂಡಿದ್ದೆ. ಮಗ ಫೋನಿನ್ಯಾಗ ಒಂದ ವಿಡಿಯೋ ತೋರಿಸಿದ. 2009ರಾಗ ಅಮೆರಿಕಾದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆಯವರು ಎರಡು ಶೆವರ್ಲೆ ಕಾರು ಎದುರಾಬದುರ ಡಿಕ್ಕಿ ಹೊಡಿಸಿದ್ರು. ಒಂದು 1959ರ ಬೆಲ್ ಏರ್, ಇನ್ನೊಂದು 2009ರ ಮಾಲಿಬು. ವೇಗ ತಾಸಿಗೆ 64 ಕಿಲೋಮೀಟರ್. ನೋಡಲಿಕ್ಕೆ ಹಳೇದು ಆನಿ ಇದ್ದಂಗ ಇತ್ತು. ಆದ್ರ ಅದರ ಡ್ರೈವರ್ ಕೂಡೋ ಜಾಗಾನೇ ನುಜ್ಜುಗುಜ್ಜಾತು. ಅಲ್ಲಿದ್ದ ಗೊಂಬಿ ಮನಶ್ಯಾ ಆಗಿದ್ರ ಉಳೀತಿದ್ದಿಲ್ಲ. ಹೊಸಾದರ ಮೂತಿ ಪೂರಾ ಮುದ್ದಿ, ಒಳಗಿನ ಗೊಂಬಿಗೆ ಕಾಲಿಗಷ್ಟ ಪೆಟ್ಟು.

ಉಪ್ಪಿನಕಾಯಿ ಭರಣಿ ಬೀಗರ ಊರಿಗೆ ಕಳಸುವಾಗ ಅರಿವಿ ಸುತ್ತತೀವಲ್ಲ, ಹಂಗ ಅದು. ಪೆಟ್ಟು ಅರಿವಿ ತಿಂತದ, ಭರಣಿ ಉಳೀತದ. ಮೂತಿ ಮುದ್ದಿ ಆಗ್ಲಿ ಅಂತಲೇ ಮಾಡಿರ್ತಾರಂತ. ಬೆಲ್ ಏರ್ ಬಂದ 1959ರಾಗ ಸ್ವೀಡನ್ನಿನ ವೋಲ್ವೋದವರು, ನಿಲ್ಸ್ ಬೋಲಿನ್ ಅನ್ನೋ ಇಂಜಿನಿಯರ್ ಮಾಡಿದ ಭುಜಾ-ಸೊಂಟಾ ಎರಡೂ ಹಿಡಿಯೋ ಪಟ್ಟಾ ತಮ್ಮ ಕಾರಿಗೆ ಹಾಕಿದ್ರು. ಬ್ಯಾರೆ ಕಂಪನಿಗಳೂ ಅದನ್ನ ಮಾಡ್ಲಿ ಅಂತ ಬಿಟ್ಟು ಕೊಟ್ರು. ಕಾಕಾನ ಕಾರಿನ ತನಕ ಅದು ಬಂದೇ ಇದ್ದಿಲ್ಲ.

ಕೂಸು ಹುಬ್ಬಳ್ಳಿ ದಾಟೂತನಕ ಅತ್ತು, ಆಮ್ಯಾಲೆ ಮಲಗಿತು. ಅಕ್ಕ ಮಾತ್ರ ಪಟ್ಟಾ ಹಾಕ್ಕೊಂಡಿದ್ದಿಲ್ಲ, ಇಳಕಲ್ ಸೀರಿ ಮುದ್ದಿ ಆಗ್ತದಂತ. ಅಣ್ಣಿಗೇರಿ ಹತ್ರ ಬಂದಾಗ ನನ್ನ ಹಣಿ ಕಡೆ ಒಮ್ಮೆ ನೋಡಿ, ಏನೂ ಅನ್ನದ ಎಳದು ಹಾಕ್ಕೊಂಡ್ಲು.